ಬಾರದ ಗ್ಯಾಲಕ್ಟಿಕಾ, ಬಂದ ಗ್ಯಾಲಕ್ಟಿಕಾ

ತೆರೆಯನ್ನೇ ಕಾಣದ ಧಾರಾವಾಹಿಗೆ ಒಂದು ದೊಡ್ಡ ಅನುಕೂಲವಿದೆ. ಅದರಲ್ಲಿ ಕೆಟ್ಟ ಕಂತು ಇರುವುದಿಲ್ಲ. ಹದಿನಾಲ್ಕನೆಯ ವಾರಕ್ಕೆ ಅದರ ಕಥೆ ಬತ್ತುವುದಿಲ್ಲ, ಕೊನೆಯ ಕಂತು ನೋಡಿ ಯಾರೂ ರಿಮೋಟ್ ಎಸೆಯುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಇದು ಇಲ್ಲವೇ ಇಲ್ಲದ ಬೆಟ್ಟ, ಅದರ ನುಣುಪಿಗೆ ಮಿತಿ ಎಲ್ಲಿಂದ ಬರಬೇಕು? ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ ಹಳೆಯ ಅಭಿಮಾನಿಗಳ ಜೊತೆ ವಾದಕ್ಕಿಳಿಯುವವರು ಇದನ್ನು ಮೊದಲೇ ತಿಳಿದಿರಬೇಕು. ಅವರು 2003ರಲ್ಲಿ ಬಂದ ರೀಮೇಕನ್ನು ತೂಗುವುದು 2001ರಲ್ಲಿ ಅರ್ಧ ಸಿದ್ಧವಾಗಿ ನಿಂತುಹೋದ ಇನ್ನೊಂದು ಗ್ಯಾಲಕ್ಟಿಕಾದ ಜೊತೆ. ಹಳೆಯ ಕಥೆಯನ್ನೇ ಮುಂದುವರಿಸಲಿದ್ದ ಅದೇ ಬಂದಿದ್ದರೆ ಚೆನ್ನಾಗಿತ್ತು ಎಂಬುದು ಅವರ ವಾದ.

ಮೂಲ ಧಾರಾವಾಹಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1978ರ ಸೆಪ್ಟೆಂಬರ್ 17ರ ಭಾನುವಾರ ಶುರುವಾಯಿತು. ಕಟ್ಟಿದವರು ಗ್ಲೆನ್ ಲಾರ್ಸನ್. ಹನ್ನೆರಡು ಲೋಕಗಳ ಮನುಷ್ಯರು ಶಾಂತಿ ಒಪ್ಪಂದವನ್ನು ನಂಬಿ ಮೈಮರೆತಿರುವಾಗ ಸೈಲಾನ್ ಎಂಬ ಯಂತ್ರಸೈನ್ಯ ಎಲ್ಲವನ್ನೂ ಸುಟ್ಟುಹಾಕುತ್ತದೆ. ಉಳಿಯುವುದು ಗ್ಯಾಲಕ್ಟಿಕಾ ಎಂಬ ಒಂದು ಯುದ್ಧನೌಕೆ, ಅದರ ಬೆನ್ನಿಗೆ ಕೈಗೆ ಸಿಕ್ಕ 220 ನೌಕೆಗಳ ಗುಂಪು. ಭೂಮಿ ಎಂಬ ಕೇಳಿ ಮಾತ್ರ ಗೊತ್ತಿದ್ದ ಗ್ರಹವನ್ನು ಹುಡುಕಿಕೊಂಡು ಅವರು ಹೊರಡುತ್ತಾರೆ. ಆ ಮೊದಲ ರಾತ್ರಿಯೇ ಪ್ರಸಾರವನ್ನು ನಡುವೆ ತಡೆದು ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಕ್ಯಾಂಪ್ ಡೇವಿಡ್ ಒಪ್ಪಂದದ ಸುದ್ದಿ ಬಿತ್ತರಿಸಿದರು. ಶಾಂತಿ ಒಪ್ಪಂದ ನಂಬಿ ಹಾಳಾದವರ ಕಥೆಯ ಮಧ್ಯೆ ನಿಜವಾದ ಶಾಂತಿ ಒಪ್ಪಂದ! ಹೀಗೆ ಬರೆದರೆ ಯಾವ ನಿರ್ಮಾಪಕನೂ ಒಪ್ಪುತ್ತಿರಲಿಲ್ಲ.

ಕಂತಿಗೆ ಸುಮಾರು ಹತ್ತು ಲಕ್ಷ ಡಾಲರ್ ಖರ್ಚು. ಆ ಕಾಲದ ಟಿವಿಗೆ ಅದು ಮೈ ಜುಮ್ಮೆನ್ನುವ ಮೊತ್ತ. ದುಡ್ಡು ಉಳಿಸಲು ವೈಪರ್ ಯುದ್ಧವಿಮಾನಗಳು ತಿರುಗುವ, ಸಿಡಿಯುವ ಅವವೇ ದೃಶ್ಯಗಳನ್ನು ವಾರವಾರ ಹಾಕುತ್ತಿದ್ದರು. ಗಮನಿಸಿ ನೋಡುವವರಿಗೆ ಯಾವ ಸೈಲಾನ್ ಯಾವ ಮೂಲೆಯಲ್ಲಿ ಸಿಡಿಯುತ್ತಾನೆ ಎಂಬುದು ಬಾಯಿಪಾಠವಾಗುತ್ತಿತ್ತು. ಒಂದೇ ಸೀಸನ್‌ಗೆ, 1979ರಲ್ಲಿ, ಕದ ಮುಚ್ಚಿತು. ಮರುವರ್ಷ ‘ಗ್ಯಾಲಕ್ಟಿಕಾ 1980’ ಎಂಬ ಹೆಸರಿನಲ್ಲಿ ಹತ್ತು ಕಂತು ಬಂದವು, ಹಾರುವ ಮೋಟರ್‌ಸೈಕಲ್ಲುಗಳ ಸಮೇತ. ಅದನ್ನು ಅಭಿಮಾನಿಗಳೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂಲದ ನಿಜವಾದ ತೊಂದರೆ ದುಡ್ಡಿನದಲ್ಲ. ಮೊದಲ ಕಥೆಯಲ್ಲಿ ಮನುಕುಲವೇ ಹೆಚ್ಚುಕಡಿಮೆ ಅಳಿದುಹೋಗುತ್ತದೆ. ಆ ಬೂದಿ ಆರುವ ಮುನ್ನವೇ ನಮ್ಮ ನಾಯಕರು ಕ್ಯಾರಿಲಾನ್ ಎಂಬ ಗ್ರಹದ ಜೂಜುಕಟ್ಟೆಯಲ್ಲಿ ಕುಣಿಯುತ್ತಿರುತ್ತಾರೆ. ಸೂತಕ ಕಳೆಯಲು ಹದಿಮೂರು ದಿನ ಬೇಡ, ಒಂದು ಜಾಹೀರಾತಿನ ವಿರಾಮ ಸಾಕು. ಇದಕ್ಕೆ ಕಾರಣವಿತ್ತು. ಭಾನುವಾರ ರಾತ್ರಿ ಎಂಟು ಗಂಟೆ ಮನೆಮಂದಿಯೆಲ್ಲ, ಮಕ್ಕಳ ಸಹಿತ, ಟಿವಿ ಮುಂದೆ ಕೂರುವ ಹೊತ್ತು. ಲಾರ್ಸನ್ ಯೋಚಿಸಿದ್ದುದು ಕೆಲವೇ ಟೆಲಿಚಿತ್ರಗಳನ್ನು. ವಾಹಿನಿ ಕೇಳಿದ್ದು ವಾರಕ್ಕೊಂದು ಕಂತನ್ನು. ಅವಸರದಲ್ಲಿ ಬರೆದ ಕಥೆಗೆ ದುಃಖವನ್ನು ಹೊತ್ತು ನಡೆಯುವಷ್ಟು ವ್ಯವಧಾನ ಇರಲಿಲ್ಲ.

ಇದನ್ನು ಮುಂದುವರಿಸಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ಮೂಲದಲ್ಲಿ ವೈಪರ್ ಪೈಲಟ್ ಅಪೋಲೊನ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾಚ್. ತಮ್ಮದೇ ದುಡ್ಡು ಸುರಿದು ‘ದಿ ಸೆಕೆಂಡ್ ಕಮಿಂಗ್’ ಎಂಬ ನಾಲ್ಕೈದು ನಿಮಿಷದ ಟ್ರೇಲರ್ ಮಾಡಿಸಿ, 1999ರಲ್ಲಿ ಅಭಿಮಾನಿ ಸಮಾವೇಶಗಳಲ್ಲಿ ತೋರಿಸಿದರು. ಹಳೆಯ ನಟರು ನರೆತ ಕೂದಲಿನಲ್ಲಿ ಮರಳಿದ್ದನ್ನು ಕಂಡು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹಕ್ಕು ಯೂನಿವರ್ಸಲ್ ಸ್ಟುಡಿಯೋದ ಕೈಯಲ್ಲಿತ್ತು. ಚಪ್ಪಾಳೆಗೆ ಅಲ್ಲಿ ಬೆಲೆ ಕಡಿಮೆ.

ಇದಕ್ಕಿಂತ ಗಟ್ಟಿಯಾಗಿ ಹೊರಟದ್ದು ನಿರ್ಮಾಪಕ ಟಾಮ್ ಡಿಸ್ಯಾಂಟೋ ಮತ್ತು ನಿರ್ದೇಶಕ ಬ್ರಯನ್ ಸಿಂಗರ್ ಜೋಡಿಯದು. ‘ಎಕ್ಸ್-ಮೆನ್’ ಗೆದ್ದಿತ್ತು, ಕೇಳಿದ್ದು ಸಿಗುವ ಕಾಲ. ಕಥೆ ಹಳೆಯದರ ನೇರ ಮುಂದುವರಿಕೆ: ವರ್ಷಗಳು ಉರುಳಿವೆ, ಮನುಷ್ಯರು ಅಲೆದಾಟ ಬಿಟ್ಟು ಒಂದು ಕಡೆ ನೆಲೆಯೂರಿದ್ದಾರೆ, ಸೈಲಾನ್‌ಗಳು ಮರಳಿ ಬರುತ್ತಾರೆ. ಪ್ರಸಾರಕ್ಕೆ ಮುಂದೆ ಬಂದದ್ದು ಫಾಕ್ಸ್ ವಾಹಿನಿ. ಮೂಲ ಗ್ಯಾಲಕ್ಟಿಕಾ ‘ಸ್ಟಾರ್ ವಾರ್ಸ್’ನ ನಕಲು ಎಂದು ಯೂನಿವರ್ಸಲ್ ಮೇಲೆ ಹಿಂದೆ ಮೊಕದ್ದಮೆ ಹೂಡಿದ್ದ ಫಾಕ್ಸ್ ಚಿತ್ರಸಂಸ್ಥೆಯ ಬಳಗದ್ದೇ ವಾಹಿನಿ ಅದು! ವ್ಯಾಂಕೂವರ್‌ನಲ್ಲಿ ಸೆಟ್‌ಗಳು ಏಳತೊಡಗಿದವು. ಚಿತ್ರೀಕರಣ 2001ರ ನವೆಂಬರ್‌ನಲ್ಲಿ ಶುರುವಾಗಬೇಕಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ 11 ಬಂತು. ಕೆಲಸ ಮುಂದಕ್ಕೆ ಹೋಯಿತು, ಸಿಂಗರ್ ಒಪ್ಪಿಕೊಂಡಿದ್ದ ಎರಡನೆಯ ‘ಎಕ್ಸ್-ಮೆನ್’ನ ದಿನಗಳು ಅಡ್ಡಬಂದವು, ಅವರು ಹೊರನಡೆದರು, ಫಾಕ್ಸ್ ಕೈತೊಳೆದುಕೊಂಡಿತು.

ಅದೇ ಸೆಪ್ಟೆಂಬರ್ 11 ಇನ್ನೊಂದು ಗ್ಯಾಲಕ್ಟಿಕಾಕ್ಕೆ ಜೀವ ಕೊಟ್ಟಿತು. ನಿರ್ಮಾಪಕ ಡೇವಿಡ್ ಐಕ್ ಆಮೇಲೆ ಹೋಗಿ ಕದ ತಟ್ಟಿದ್ದು ‘ಸ್ಟಾರ್ ಟ್ರೆಕ್’ನಲ್ಲಿ ಪಳಗಿದ್ದ ರೊನಾಲ್ಡ್ ಮೂರ್ ಅವರದು. ಮೂರ್ 1978ರ ಮೊದಲ ಕಥೆಯನ್ನು ಮತ್ತೆ ಹಾಕಿ ನೋಡಿದಾಗ, ಒಂದು ಬೆಳಗ್ಗೆ ಎಲ್ಲ ಮುಗಿದುಹೋಗುವ ಆ ಕಥೆ ಬೇರೆಯೇ ಆಗಿ ಕಂಡಿತು. ರೀಮೇಕ್ ಎಂದರೆ ಮೂಗು ಮುರಿಯುವುದು ಗಾಂಧಿನಗರಕ್ಕೂ ಹೊಸದಲ್ಲ. ಆದರೆ ಇಲ್ಲಿ ರೀಮೇಕಿಗೆ ಸಿಕ್ಕ ವಸ್ತು ಮುಂದುವರಿಕೆಗೆ ಸಿಗುವಂಥದ್ದೇ ಅಲ್ಲ. ಮುಂದುವರಿಕೆ ಶುರುವಾಗುವುದು ದುರಂತದ ಎಷ್ಟೋ ವರ್ಷದ ಮೇಲೆ, ಅಳು ನಿಂತ ಮೇಲೆ. ಜೊತೆಗೆ ಅದು ಹಳೆಯ ಬಾಕಿಯನ್ನೂ ತೀರಿಸಬೇಕು: ಗ್ಯಾಲಕ್ಟಿಕಾದ ಕಮಾಂಡರ್ ಅಡಾಮಾನ ಪಾತ್ರದ ಲಾರ್ನ್ ಗ್ರೀನ್ 1987ರಲ್ಲೇ ತೀರಿಕೊಂಡಿದ್ದರು, ಕಮಾಂಡರ್ ಎಲ್ಲಿ ಹೋದ ಎಂದು ಹೇಳಬೇಕು, ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದಿನದನ್ನು ಕಾಣದವರಿಗೆ ಎಲ್ಲವನ್ನೂ ವಿವರಿಸಬೇಕು. ಮೊದಲ ಗಂಟೆ ಅದಕ್ಕೇ ಹೋಗುತ್ತದೆ.

ಮೂರ್ ಆ ಗಂಟೆಯನ್ನು ದುರಂತಕ್ಕೇ ಕೊಟ್ಟರು. 2003ರ ಡಿಸೆಂಬರ್ 8 ಮತ್ತು 9ರಂದು ಸೈಫೈ ವಾಹಿನಿಯಲ್ಲಿ ಬಂದ ಕಿರುಧಾರಾವಾಹಿಯಲ್ಲಿ ಎಲ್ಲಕ್ಕೂ ಕಾರ್ಯಕಾರಣವಿದೆ. ಎಲ್ಲ ನೌಕೆಗಳಲ್ಲೂ ಒಂದೇ ಹೊಸ ನ್ಯಾವಿಗೇಷನ್ ಪ್ರೋಗ್ರಾಂ, ಅದರಲ್ಲಿ ಸೈಲಾನ್‌ಗಳು ಬಿಟ್ಟ ಕಳ್ಳಬಾಗಿಲು. ಗುಂಡಿ ಒತ್ತಿದೊಡನೆ ಹೊಚ್ಚಹೊಸ ವೈಪರ್‌ಗಳೂ ಸತ್ತ ಮೀನಿನಂತೆ ತೇಲುತ್ತವೆ. ಗ್ಯಾಲಕ್ಟಿಕಾ ಉಳಿಯುವುದು ಅದು ಮುದಿಯಾದ್ದರಿಂದ. ವಸ್ತುಸಂಗ್ರಹಾಲಯವಾಗಲು ಹೊರಟಿದ್ದ ನೌಕೆ. ಅದರ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಲು ಅಡಾಮಾ ಬಿಟ್ಟಿರುವುದಿಲ್ಲ, ಫೋನುಗಳಿಗೆ ಇನ್ನೂ ಸುರುಳಿ ವೈರು. ಪ್ರದರ್ಶನಕ್ಕಿಟ್ಟಿದ್ದ ಹಳೆಯ ಮಾರ್ಕ್ 2 ವೈಪರ್‌ಗಳನ್ನೇ ಹೊರಗೆಳೆದು ಹಾರಿಸುತ್ತಾರೆ. ಅಧ್ಯಕ್ಷೆಯಾಗುವ ಲಾರಾ ರೋಸ್ಲಿನ್ ಶಿಕ್ಷಣ ಮಂತ್ರಿ, ಉತ್ತರಾಧಿಕಾರದ ಸಾಲಿನಲ್ಲಿ 43ನೆಯವಳು. ಮೇಲಿನ 42 ಮಂದಿಯೂ ಸತ್ತಿದ್ದಾರೆ.

ಬದುಕಿದವರ ಎಣಿಕೆ ಆಕೆಯ ಹಿಂದಿನ ಬಿಳಿ ಬೋರ್ಡಿನ ಮೇಲೆ ಇರುತ್ತದೆ. ಸರಣಿಯ ಮೊದಲ ಕಂತಾದ ‘33’ರಲ್ಲಿ ಸೈಲಾನ್‌ಗಳು ಪ್ರತಿ 33 ನಿಮಿಷಕ್ಕೆ ಬಂದೆರಗುತ್ತಾರೆ, ನೌಕೆಗಳು ಪ್ರತಿ ಬಾರಿ ಜಿಗಿದು ತಪ್ಪಿಸಿಕೊಳ್ಳುತ್ತವೆ. ಐದು ದಿನದಿಂದ ಯಾರಿಗೂ ನಿದ್ದೆಯಿಲ್ಲ. 1,345 ಮಂದಿ ಇದ್ದಾರೆನ್ನಲಾದ ಒಂದು ಪ್ರಯಾಣಿಕ ನೌಕೆಯನ್ನು ನಮ್ಮವರೇ ಹೊಡೆಯಬೇಕಾಗುತ್ತದೆ. ಕೊನೆಯಲ್ಲಿ ಮಗುವೊಂದು ಹುಟ್ಟಿದ ಸುದ್ದಿ ಬರುತ್ತದೆ, ರೋಸ್ಲಿನ್ ಎದ್ದು ಲೆಕ್ಕಕ್ಕೆ ಒಂದನ್ನು ಕೂಡಿಸುತ್ತಾಳೆ. 1978ರಲ್ಲಿ ಜೂಜುಕಟ್ಟೆ ಇದ್ದ ಜಾಗದಲ್ಲಿ ಈಗ ಈ ಬೋರ್ಡು. ಮೂಲದಲ್ಲಿ ಗಂಡಸಾಗಿದ್ದ ಪೈಲಟ್ ಸ್ಟಾರ್‌ಬಕ್ ಇಲ್ಲಿ ಹೆಣ್ಣಾದಳೆಂದು ಎದ್ದ ಗದ್ದಲದಲ್ಲಿ (ಮೂಲದ ಸ್ಟಾರ್‌ಬಕ್ ಪಾತ್ರದ ನಟ ಡರ್ಕ್ ಬೆನೆಡಿಕ್ಟ್ ಸಿಟ್ಟಿನಿಂದ ಒಂದು ಲೇಖನವನ್ನೇ ಬರೆದರು) ಈ ದೊಡ್ಡ ಬದಲಾವಣೆ ಅನೇಕರ ಕಣ್ಣಿಗೆ ಬೀಳಲೇ ಇಲ್ಲ.

ಕನ್ನಡದ ಕಿವಿಗಂತೂ ಶೀರ್ಷಿಕೆಯಲ್ಲೇ ಒಂದು ಆಶ್ಚರ್ಯ ಕಾದಿದೆ. ರಿಚರ್ಡ್ ಗಿಬ್ಸ್ ಸಂಯೋಜಿಸಿದ ಆ ಸಂಗೀತದಲ್ಲಿ ಹೆಣ್ಣುದನಿಯೊಂದು ಹಾಡುವುದು ಗಾಯತ್ರಿ ಮಂತ್ರವನ್ನು. ಉಚ್ಚಾರ ಎಷ್ಟು ಎಳೆದಿದೆಯೆಂದರೆ ನಾಲ್ಕು ಕಂತು ನೋಡಿದ ಮೇಲೆ ‘ಅರೆ, ಇದು ತತ್ಸವಿತುರ್ವರೇಣ್ಯಂ ಅಲ್ಲವೇ’ ಎಂದು ಹೊಳೆದರೆ ಅಚ್ಚರಿಯಿಲ್ಲ. ಕಥೆಯೊಳಗಿನವರು ಕೈಮುಗಿಯುವುದು ಜ್ಯೂಸ್, ಆರ್ಟೆಮಿಸ್‌ಗಳಿಗೆ. ಸವಿತೃ ಅಲ್ಲಿ ಶೀರ್ಷಿಕೆಗೆ ಮಾತ್ರ.

ಹಾಗೆಂದು ಬಂದದ್ದೆಲ್ಲ ಬಂಗಾರವಲ್ಲ. ಸೈಲಾನ್‌ಗಳ ಬಳಿ ‘ಒಂದು ಯೋಜನೆ ಇದೆ’ ಎಂದು ಶೀರ್ಷಿಕೆಯಲ್ಲಿ ವಾರವಾರ ಸಾರಿದರು. ಯೋಜನೆ ಬರಹಗಾರರ ಬಳಿಯೇ ಇರಲಿಲ್ಲ. ರೀಮೇಕಿನಲ್ಲಿ ಮನುಷ್ಯರಂತೆಯೇ ಕಾಣುವ ಸೈಲಾನ್‌ಗಳಿದ್ದಾರೆ; ಅವರಲ್ಲಿ ಕೊನೆಯ ಐವರು ಯಾರೆಂಬುದು ದಾರಿಯಲ್ಲಿ ನಡೆಯುತ್ತ ತೀರ್ಮಾನವಾದದ್ದು, ಹಿಂದಿನ ಕಂತುಗಳ ಜೊತೆ ಅದನ್ನು ಹೊಂದಿಸುವಾಗ ಹೊಲಿಗೆ ಎದ್ದು ಕಾಣುತ್ತದೆ. 2009ರ ಮಾರ್ಚ್ 20ರಂದು ಬಂದ ಕೊನೆಯ ಕಂತಿನಲ್ಲಿ ಸ್ಟಾರ್‌ಬಕ್ ಮಾತಾಡುತ್ತ ನಿಂತವಳು ಗಾಳಿಯಲ್ಲಿ ಮಾಯವಾಗುತ್ತಾಳೆ. ಇಂಥ ಕಡೆ ಹಳಬರು ‘ಡಿಸ್ಯಾಂಟೋ ಮಾಡಿದ್ದರೆ’ ಎಂದು ನಿಟ್ಟುಸಿರು ಬಿಟ್ಟರೆ ತಡೆಯಲಾಗದು. ಅವರ ಇನ್ನೊಂದು ದೂರೂ ನ್ಯಾಯವಾದದ್ದು: ಮೂಲದಲ್ಲಿದ್ದ ಸಾಹಸದ ಖುಷಿ, ನಗು ಇದರಲ್ಲಿ ತೀರಾ ಕಡಿಮೆ.

ಹ್ಯಾಚ್ ಕೂಡ ಮೊದಲು ಮೂರ್ ಅವರ ಗ್ಯಾಲಕ್ಟಿಕಾವನ್ನು ವಿರೋಧಿಸಿದವರೇ. ಆಮೇಲೆ ಅದರಲ್ಲೇ ಟಾಮ್ ಜರೆಕ್ ಎಂಬ ಕೈದಿಯ ಪಾತ್ರ ಒಪ್ಪಿದರು: ಚುನಾವಣೆಯಿಲ್ಲದೆ ಬಂದ ಸರ್ಕಾರವನ್ನು ನಾನೇಕೆ ಒಪ್ಪಬೇಕು ಎಂದು ಹಡಗನ್ನೇ ವಶಪಡಿಸಿಕೊಳ್ಳುವವನು. ಅವನ ಜೊತೆ ಮಾತುಕತೆಗೆ ಹೋಗುವುದು ಹೊಸ ಅಪೋಲೊ. ಹಳೆಯ ಅಪೋಲೊ ಹೊಸಬನ ಕಣ್ಣಲ್ಲಿ ಕಣ್ಣಿಟ್ಟು ನಿನ್ನ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವ ಆ ದೃಶ್ಯ, ನನ್ನ ಮಟ್ಟಿಗೆ, ಅಭಿಮಾನಿಗಳ ಜಗಳಕ್ಕೆಲ್ಲ ಸಿಕ್ಕ ಅತ್ಯುತ್ತಮ ಪಾತ್ರಹಂಚಿಕೆ.

2019ರಲ್ಲಿ ಸ್ಯಾಮ್ ಇಸ್ಮೇಲ್ ಮತ್ತೊಂದು ಗ್ಯಾಲಕ್ಟಿಕಾ ತರುತ್ತಾರೆಂದು ಘೋಷಣೆಯಾಯಿತು. ಮೂರ್ ಅವರದನ್ನು ಮತ್ತೆ ಮಾಡುವುದಿಲ್ಲ, ಹೊಸ ಕಥೆ ಹೇಳುತ್ತೇನೆ ಎಂದು ಅವರು ಮೊದಲೇ ಸಮಾಧಾನ ಹೇಳಬೇಕಾಯಿತು, ಏಕೆಂದರೆ ಈ ಸಲ ಮುನಿಸಿಕೊಂಡವರು 2003ರ ಅಭಿಮಾನಿಗಳು. 2024ರಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ವೇದಿಕೆ ಅದನ್ನು ಕೈಬಿಟ್ಟಿತು. ಅದರಲ್ಲೂ ಈಗ ಒಂದೂ ಕೆಟ್ಟ ಕಂತಿಲ್ಲ.