ಮೂರೂಕಾಲು ಲಕ್ಷದ ಜೀಪು, ಎಂಟು ಲಕ್ಷದ ಜೀಪು

ಹೋದ ಭಾನುವಾರ ಭಾವನ ಜೊತೆ ಎರಡು ಜೀಪು ನೋಡಿ ಬಂದೆ. ಎರಡೂ ಮಹೀಂದ್ರಾ ಎಂಎಂ 540. ಎರಡೂ ತೊಂಬತ್ತರ ಆಸುಪಾಸಿನವು, ಎರಡಕ್ಕೂ ಅದೇ 2.1 ಲೀಟರಿನ ಪ್ಯೂಜೊ ಡೀಸೆಲ್ ಎಂಜಿನ್ನು. ತೀರ್ಥಹಳ್ಳಿ ಕಡೆಯವರು ಮೂರೂಕಾಲು ಲಕ್ಷ ಹೇಳಿದರು, ಸಾಗರದ ಹತ್ತಿರದವರು ಎಂಟು. ನೋಡೋಕೆ ಚೆಂದ ಇದ್ದದ್ದು ಮೂರೂಕಾಲರದ್ದೇ. ಮಿಲಿಟರಿ ಹಸಿರು ಪೇಂಟು, ದಪ್ಪ ಟೈರು, ಬಂಪರಿನ ಮೇಲೆ ಎಲ್‌ಇಡಿ ಲೈಟಿನ ಸಾಲು, ಹೊಸ ರೆಕ್ಸಿನ್ ಸೀಟು. ಎಂಟು ಲಕ್ಷದ್ದು ಬರೀ ಬಿಳಿ ಬಣ್ಣ, ಕಂಪನಿ ಅಳತೆಯ ಸಣ್ಣ ಟೈರು, ಮೇಲೊಂದು ಸಾದಾ ಕ್ಯಾನ್ವಾಸ್ ಹುಡ್ಡು.

ವಾಪಸ್ ಬರುವಾಗ ಭಾವ ಕೇಳಿದರು, "ಎಂಥದ್ದು ಮಾರಾಯ ಇದು? ಒಂದೇ ಗಾಡಿಗೆ ಐದು ಲಕ್ಷ ವ್ಯತ್ಯಾಸ ಅಂದ್ರೆ, ಅವರಿಗೆ ತಲೆ ಸರಿ ಇದ್ಯಾ?"

ಇದ್ಯಾ ಅಂತಲ್ಲ, ಚೆನ್ನಾಗೇ ಇದೆ. ಎಂಟು ಲಕ್ಷದ್ದೇ ಅಗ್ಗ ಅಂತ ನಾನು ಹೇಳಿದೆ. ದಾರಿಯಲ್ಲಿ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೀತಿದ್ದೀನಿ, ಯಾಕಂದ್ರೆ ಈ ಎರಡು ವರ್ಷದಲ್ಲಿ ಹಳೇ ಜೀಪು ಹುಡುಕುವವರ ಫೋನು ನನಗೆ ವಾರಕ್ಕೊಂದಾದರೂ ಬರುತ್ತೆ. ಎಲ್ಲರೂ ಕೇಳೋದು ಮಾಡೆಲ್ಲು, ಟೈರು, ಬಣ್ಣ. ಗಾಡಿಯ ತಳ ಹೇಗಿದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನಮ್ಮ ಮಲೆನಾಡಿನ ಜೀಪಿನ ರೇಟು ಇರೋದೇ ತಳದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ. ಜೂನಿನಲ್ಲಿ ಒದ್ದೆಯಾದ ಗಾಡಿ ದಸರಾ ಹೊತ್ತಿಗೆ ಒಣಗಿದರೆ ಪುಣ್ಯ. ಆದರೆ ಬಾಡಿಯನ್ನು ತಿನ್ನೋದು ಮೇಲಿಂದ ಬೀಳುವ ನೀರಲ್ಲ. ಚಾಸಿ ಮತ್ತು ಬಾಡಿ ನಡುವೆ ಕೂತು, ಬೇಸಿಗೆಯವರೆಗೂ ತೇವ ಹಿಡಿದುಕೊಳ್ಳುವ ಕೆಸರು. ಇನ್ನೊಂದು, ಅಡಿಕೆ ತೋಟದವರ ಜೀಪಲ್ಲಿ ಗೊಬ್ಬರದ ಚೀಲ ಹೋಗಿರುತ್ತೆ, ಕೊಳೆ ರೋಗಕ್ಕೆ ಹೊಡೆಯೋ, ಮೈಲುತುತ್ತು ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಡ್ರಮ್ಮು ಹೋಗಿರುತ್ತೆ. ದ್ರಾವಣ ಸರಿ ಬಂದಿದ್ಯಾ ನೋಡೋಕೆ ಚಾಕು ಅದ್ದುತ್ತೀವಲ್ಲ, ಸುಣ್ಣ ಕಡಿಮೆ ಬಿದ್ದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತೆ. ಕಬ್ಬಿಣವನ್ನು ಮೈಲುತುತ್ತು ಹೇಗೆ ತಿನ್ನುತ್ತೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಚಾಕುವಿಗೆ ಆಗುವುದೇ, ಇಪ್ಪತ್ತು ಮಳೆಗಾಲ ಡ್ರಮ್ಮು ತುಳುಕಿಸಿಕೊಂಡು ಓಡಿದ ಜೀಪಿನ ಹಿಂಭಾಗಕ್ಕೂ ಆಗುತ್ತೆ.

ಅಪ್ಪಯ್ಯನ ಜೀಪಿನಲ್ಲಿ ನಾನು ಇದನ್ನ ದುಡ್ಡು ಕೊಟ್ಟು ಕಲಿತೆ. 2016ರಲ್ಲಿ ಒಂದು ವರ್ಕ್‌ಶಾಪಿಗೆ ಬಿಟ್ಟೆ, ಯಾವುದು, ಎಲ್ಲಿ ಅಂತ ಇಲ್ಲಿ ಬೇಡ. ಒಂದು ಲಕ್ಷದ ಹತ್ತು ಸಾವಿರ ತಗೊಂಡು ಇಪ್ಪತ್ತು ದಿನದಲ್ಲಿ ಗಾಡಿ ಕೊಟ್ಟರು. ಕನ್ನಡಿ ಹಾಗೆ ಹೊಳೀತಿತ್ತು. ಅಪ್ಪಯ್ಯ ಸುತ್ತ ಒಂದು ಸುತ್ತು ಬಂದು, ಬಾಗಿಲ ಕೆಳಗೆ ಬೆರಳಿನ ಗೆಣ್ಣಲ್ಲಿ ಎರಡು ಸಲ ತಟ್ಟಿ, ಏನೂ ಹೇಳದೆ ಒಳಗೆ ಹೋದರು. ಎರಡನೇ ಮಳೆಗಾಲಕ್ಕೆ ಪೇಂಟು ಗುಳ್ಳೆ ಎದ್ದಿತು. ಉಗುರಲ್ಲಿ ಒತ್ತಿದರೆ ಒಳಗಿಂದ ಕೆಂಪು ಪುಡಿ. ತೂತಿನ ಮೇಲೆ ಫೈಬರ್ ಬಟ್ಟೆ, ಅದರ ಮೇಲೆ ಬೆರಳ ದಪ್ಪ ಪುಟ್ಟಿ, ಅದರ ಮೇಲೆ ಬಣ್ಣ. ತಗಡೇ ಇರಲಿಲ್ಲ!

ಆಮೇಲೆ ಶಿವಮೊಗ್ಗದ ಒಬ್ಬರು ಟಿಂಕರಿಂಗ್ ಭಾಯ್ ಹತ್ತಿರ ಹೋದೆ. ಅರವತ್ತು ದಾಟಿದವರು, ಒಂದು ಸಲಕ್ಕೆ ಒಂದೇ ಜೀಪು ತಗೊಳ್ಳುತ್ತಿದ್ದರು. ಬಾಡಿಯನ್ನು ಚಾಸಿಯಿಂದ ಎತ್ತಿ, ಎರಡು ಮರದ ದಿಮ್ಮಿ ಮೇಲೆ ಮಗುಚಿ ಹಾಕಿದರು. ಜೀಪಿನ ತಳಕ್ಕೆ ಬಲ ಬರಲಿ ಅಂತ ಅಡಿಯಲ್ಲಿ ಅಡ್ಡಡ್ಡ ಚಾನೆಲ್ಲು ಕೂರಿಸಿರುತ್ತಾರೆ, ಬೋರಲು ಹಾಕಿದ ದೋಣಿ ಆಕಾರದ್ದು. ಭಾಯ್ ಅದನ್ನು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರು. ಒಂದು ಸೇರಿನಷ್ಟು ತುಕ್ಕು, ಒಣ ಮಣ್ಣು, ನಾಲ್ಕು ಅಡಿಕೆ ಸಿಪ್ಪೆ ಉದುರಿತು. "ಇದು ನೋಡಿ ಸಾರ್, ಮೇಲೆ ಪೇಂಟು ಹೊಡೆಯೋಕೆ ನಾಲ್ಕು ದಿನ ಸಾಕು. ಇದನ್ನ ಕತ್ತರಿಸಿ ಹೊಸದು ಮಡಚಿ ಕೂರಿಸೋಕೆ ನಂಗೆ ಎರಡು ತಿಂಗಳು ಬೇಕು. ಕೂರಿಸಿದ ಮೇಲೆ ಯಾರಿಗೂ ಕಾಣಲ್ಲ," ಅಂದರು. ಒಟ್ಟು ಏಳು ತಿಂಗಳು, ಎರಡು ಲಕ್ಷದ ಎಪ್ಪತ್ತು ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಣದೇ ಇರೋ ಜಾಗಕ್ಕೇ ಹೋಯ್ತು. ಸಾಗರದವರ ಎಂಟು ಲಕ್ಷದಲ್ಲಿ ಐದು ಲಕ್ಷ ಎಲ್ಲಿ ಹೋಗಿದೆ ಅಂತ ಭಾವ ಕೇಳಿದ್ದಕ್ಕೆ ನನ್ನ ಮೊದಲ ಉತ್ತರ ಇದು.

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಕಂಪನಿಯ ಜೀಪುಗಳಲ್ಲಿ ಇದು ಇನ್ನೂ ಕಷ್ಟ. ಆ ಚಾನೆಲ್ಲಿನೊಳಗೆ ಅವರು ಮರದ ಪಟ್ಟಿ ತುರುಕಿದ್ದರು. ಮರ ನೀರು ಕುಡಿದು ಕೂತರೆ ತಗಡು ಉಳಿಯುತ್ತಾ? ಅದಕ್ಕೇ ಮೂಲ ಬಾಡಿ ಉಳಿಸಿಕೊಂಡ ಲೋ ಬಾನೆಟ್ (ಬಾನೆಟ್ ತಗ್ಗಿರುವ ಈ ಹಳೇ ಮಾದರಿ) ಜೀಪು ಎಲ್ಲಾದರೂ ಸಿಕ್ಕರೆ ಅದರ ಲೆಕ್ಕವೇ ಬೇರೆ. 1941ರಿಂದ 45ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಕಂಪನಿ ಸೇರಿ ಆರು ಲಕ್ಷಕ್ಕೂ ಮೇಲೆ ಮಾಡಿದ ಗಾಡಿ ಅದು. ದೂರದಿಂದ ನೋಡಿದರೆ ಅವಳಿ ಜವಳಿ. ರೇಡಿಯೇಟರ್ ಕೆಳಗೆ ಬಗ್ಗಿ ನೋಡಿ: ಚಾಸಿಯ ಮುಂದಿನ ಅಡ್ಡಪಟ್ಟಿ ಗುಂಡಗೆ ಪೈಪಿನ ಹಾಗಿದ್ದರೆ ವಿಲ್ಲೀಸ್, ಮಗುಚಿದ ಚಾನೆಲ್ಲಿನ ಹಾಗಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ತಮ್ಮ ಎಫ್ ಅಕ್ಷರ ಒತ್ತಿದ್ದಾರೆ. ಎಫ್ ಬೋಲ್ಟು, ಗಾಡಿಯ ವಿವರ ಕೆತ್ತಿದ ಹಳೇ ಡೇಟಾ ಪ್ಲೇಟು ಕಳೆದುಹೋಗದೆ ಉಳಿದ ಗಾಡಿಗೂ, ವಿಲ್ಲೀಸ್ ಚಾಸಿ ಮೇಲೆ ಫೋರ್ಡ್ ಬಾಡಿ, ಆಮೇಲಿನ ಕಾಲದ ಗ್ರಿಲ್ಲು ಕೂತ ಗಾಡಿಗೂ ಒಂದೇ ಬೆಲೆ ಕಟ್ಟೋಕಾಗಲ್ಲ.

ಹೈ ಬಾನೆಟ್, ಅಂದರೆ ಸಿಜೆ 3ಬಿ ಮಾಡೆಲ್ಲಿನ ಜೀಪಿನ ಕಥೆ ನನಗೆ ಸ್ವಲ್ಪ ನೋವಿನದು. ಸಿಜೆ 3ಬಿಯ ಬಾನೆಟ್ ಎತ್ತರ ಇರೋದಕ್ಕೆ ಕಾರಣ ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನು, ವಾಲ್ವು ಮೇಲೆ ಬಂದು ಎಂಜಿನ್ ಎತ್ತರವಾಯ್ತು, ಮುಚ್ಚೋಕೆ ಬಾನೆಟ್ಟೂ ಏರಿತು. ಆ ಮುಖ ಬಂದದ್ದೇ ಆ ಎಂಜಿನ್ನಿಂದ. ಪೆಟ್ರೋಲ್ ಕುಡಿಯುತ್ತೆ ಅಂತ ನಮ್ಮ ಕಡೆಯವರು ಅದನ್ನ ಬಿಚ್ಚಿ ಡೀಸೆಲ್ ಎಂಜಿನ್ ಕೂರಿಸಿದರು, ಬಿಚ್ಚಿದ್ದನ್ನ ತೂಕಕ್ಕೆ ಹಾಕಿದರು. ಅವರನ್ನ ನಾನು ದೂರಲ್ಲ, ಅಡಿಕೆ ರೇಟು ಬಿದ್ದ ವರ್ಷ ಮನೆ ನಡೀಬೇಕಿತ್ತು. ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಮಾತ್ರ ಬಿಚ್ಚಿದ ಎಂಜಿನ್ನನ್ನು ಗೋಣಿಚೀಲ ಹೊದಿಸಿ ಅಡಿಕೆ ಮನೆಯ ಮೂಲೆಯಲ್ಲಿ ಇಟ್ಟರು. ಇವತ್ತು ಆ ಜೀಪಿಗಿಂತ ಆ ಮೂಲೆಗೇ ಹೆಚ್ಚು ಬೆಲೆ.

ಇನ್ನು ಪೇಪರ್ರು. ದಯವಿಟ್ಟು ಇದನ್ನ ಎರಡು ಸಲ ಓದಿ. ಒಂದು ಜೀಪಿನ ಆರ್‌ಸಿ, ಇನ್ನೊಂದು ಜೀಪಿನ ಚಾಸಿ, ಬೇರೆ ರಾಜ್ಯದಿಂದ ಬಂದ ಹೊಸ ತಗಡಿನ ಬಾಡಿ ಸೇರಿಸಿ ತಯಾರಾದ ಗಾಡಿಗಳು ಬೇಕಾದಷ್ಟಿವೆ. ಹರಿಯಾಣದ ಮಂಡಿ ಡಬವಾಲಿಯಂಥ ಕಡೆ ತೆರೆದ ಜೀಪು ಕಟ್ಟಿಕೊಡೋದೇ ದಂಧೆ. ಚೆನ್ನಾಗಿಯೇ ಕಟ್ಟುತ್ತಾರೆ, ಆದರೆ ಅದು ರೆಸ್ಟೋರ್ ಮಾಡಿದ ಜೀಪಲ್ಲ, ಹೊಸದಾಗಿ ಕಟ್ಟಿದ್ದು. ಆರ್‌ಟಿಒದಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೀತಾರಲ್ಲ, ಅದನ್ನ ದುಡ್ಡು ಕೊಡುವ ಮೊದಲು ನೀವೇ ತೆಗೀರಿ. ಅಕ್ಷರ ಏರುಪೇರಾಗಿ, ಸುತ್ತ ಗ್ರೈಂಡರ್ ಗೀರು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಗಾಡಿ ಬೇರೆಯಾಗುವ ಹಾಗೆ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತೀರ್ಥಹಳ್ಳಿಯ ಗಾಡಿಯ ದಪ್ಪ ಟೈರು, ಕತ್ತರಿಸಿದ ಮಡ್‌ಗಾರ್ಡು ನೋಡಿ ಭಾವ ಖುಷಿಪಟ್ಟರು. ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ ಹೋದ ದಿನ ಅದೆಲ್ಲ ಬಿಚ್ಚಿ ಹಳೇದು ಕೂರಿಸಬೇಕು, ಆ ಖರ್ಚೂ ಮೂರೂಕಾಲಿಗೆ ಸೇರುತ್ತೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿ ನವೀಕರಣ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ, ಶುಲ್ಕ 20,000. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತೆ. ಆದರೆ ಆಮೇಲೆ ದಿನಾ ರಸ್ತೆಗೆ ಇಳಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಯಂಥದ್ದಕ್ಕೆ ಅಷ್ಟೇ. ಬೆಂಗಳೂರಿನಲ್ಲಿ ಶೆಡ್ಡಲ್ಲಿ ಇಡುವವರಿಗೆ ಅದು ಬೆಲೆ ಏರಿಸಬಹುದು, ತೋಟಕ್ಕೆ ಓಡಿಸುವ ನಮಗೆ ಅದರಿಂದ ಏನೂ ಸಿಗಲ್ಲ.

ಅಮೆರಿಕದಲ್ಲಿ 1966ರಿಂದ 77ರ ನಡುವಿನ ಫೋರ್ಡ್ ಬ್ರಾಂಕೋ ಅನ್ನೋ ಜೀಪಿನಂಥ ಗಾಡಿಗಳಿಗೂ ಇದೇ ತರ ದೊಡ್ಡ ಅಂತರ. ದಪ್ಪ ಟೈರು ಹಾಕೋಕೆ ಅಲ್ಲಿಯೂ ಬಹಳ ಜನ ಹಿಂದಿನ ಫೆಂಡರ್ ಕತ್ತರಿಸಿದ್ದರು, ಹಾಗಾಗಿ ಕತ್ತರಿ ಬೀಳದ ಗಾಡಿ ಅಂದರೆ ಅಲ್ಲಿನವರು ಹೆಚ್ಚು ಕೊಡುತ್ತಾರೆ. ಆದರೆ ಅಲ್ಲಿ ಹೊಸ ವಿ8 ಎಂಜಿನ್, ಹೊಸ ಬ್ರೇಕು, ಏಸಿ ಎಲ್ಲ ಕೂರಿಸಿ ಕಟ್ಟಿದ ಬ್ರಾಂಕೋ ಮೂಲದ್ದಕ್ಕಿಂತ ದುಬಾರಿಯಾಗಿ ಮಾರಾಟವಾಗೋದೂ ಉಂಟು. ಆ ವಿಡಿಯೊ ನೋಡಿ ನಮ್ಮ ಹುಡುಗರು ಇಲ್ಲಿ ಅದನ್ನೇ ಮಾಡೋಕೆ ಹೋಗ್ತಾರೆ. ಅಲ್ಲಿ ಬೆಲೆ ಏರಿಸುವ ಕೆಲಸವೇ ಇಲ್ಲಿ ಪೇಪರ್ ಕೆಡಿಸುತ್ತೆ.

ಒಂದು ಮಾತು ನಾನು ಜೋರಾಗಿಯೇ ಹೇಳ್ತೀನಿ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳಿಗೆ ಯಾರೂ ಒಳ್ಳೇ ರೇಟು ಕೇಳಲ್ಲ, ಡೆಂಟು ಜಾಸ್ತಿ ಅಂತ. 1,343 ಮೀಟರಿನ ಬೆಟ್ಟಕ್ಕೆ ಮಳೆಯಲ್ಲಿ ಕೊಚ್ಚಿಹೋದ ದಾರಿಯಲ್ಲಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸಣ್ಣ ಲಿವರ್ ಎಳೆದು ಲೋ ಗೇರಲ್ಲಿ ತೆವಳಿಕೊಂಡು ಹೋಗುವ ಗಾಡಿಗಳು ಅವು. ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲ್ ಹೌಸಿಂಗು, ಕ್ರೌನ್ ಪಿನಿಯನ್ನು ಕೆಲಸ ಮಾಡ್ತಾ ಇದ್ದರೆ ಮಾತ್ರ ಅವು ಮೇಲೆ ಹತ್ತೋದು. ನಗರದಲ್ಲಿ ಮೆರೆಯುವ ಎಷ್ಟೋ ಜೀಪುಗಳಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಬಿಚ್ಚಿಟ್ಟಿರುತ್ತಾರೆ, ಲಿವರ್ ಮಾತ್ರ ಅಲಂಕಾರಕ್ಕೆ. ತೀರ್ಥಹಳ್ಳಿಯದ್ದರಲ್ಲಿ ನಾನು ಲಿವರ್ ಹಾಕಿ ಗದ್ದೆ ಬದಿಗೆ ಇಳಿಸಿ ಅಂದೆ. ಮಾಲೀಕರು "ಈಗ ಬೇಡ, ಟೈರು ಕೆಸರಾಗುತ್ತೆ" ಅಂದರು. ಸಾಗರದವರು ನಾನು ಕೇಳುವ ಮೊದಲೇ ಕೊಟ್ಟಿಗೆ ಹಿಂದಿನ ಏರಿಗೆ ಹತ್ತಿಸಿ ತೋರಿಸಿದರು, ಆಮೇಲೆ ಏಳು ವರ್ಷದ ಬಿಲ್ಲು ತುಂಬಿದ ಒಂದು ಬಿಸ್ಕೆಟ್ ಡಬ್ಬ ತಂದು ಜಗಲಿ ಮೇಲೆ ಇಟ್ಟರು. ತಳ ಬಿಚ್ಚಿದಾಗ ತೆಗೆದ ಫೋಟೊಗಳೂ ಅದರಲ್ಲೇ ಇದ್ದವು.

ಎಂಟಕ್ಕೇ ಕೊಡಿ ಅಂತಲ್ಲ, ಚೌಕಾಸಿ ಇದ್ದೇ ಇದೆ. ಏಳೂವರೆಗೆ ಬರಬಹುದು ಅಂತ ನನಗನ್ನಿಸುತ್ತೆ. ಬರುವ ಭಾನುವಾರ ಭಾವ, ನಾನು ಮತ್ತೆ ಸಾಗರಕ್ಕೆ ಹೋಗ್ತಿದ್ದೀವಿ. ಈ ಕಡೆ ಯಾರಾದರೂ ಹಳೇ ಜೀಪು ನೋಡೋದಿದ್ದರೆ ತಿಳಿಸಿ, ಜೊತೆಗೆ ಬರ್ತೀನಿ. ಒಂದು ಟಾರ್ಚು, ಪುಟ್ಟಿ ಎಲ್ಲಿದೆ ಅಂತ ಪತ್ತೆ ಮಾಡೋಕೆ ಒಂದು ಅಯಸ್ಕಾಂತ, ಗಾಡಿ ಅಡಿಗೆ ಮಲಗೋಕೆ ಒಂದು ಗೋಣಿಚೀಲ ನೀವು ತನ್ನಿ.