ಪಿಲಿಕುಳಕ್ಕೆ ರಜೆ ಮಂಗಳವಾರ ಅಲ್ಲ, ಸೋಮವಾರ

ನಮ್ಮ ಕುವೆಂಪುನಗರದ ವಾಕಿಂಗ್ ಗ್ರೂಪಲ್ಲಿ ಮೊನ್ನೆ ನಾನೇ ಹಾಕಿದ್ದ ಮೆಸೇಜು, "ಮಂಗಳೂರಿನ ಪಿಲಿಕುಳ ಝೂ ಮಂಗಳವಾರ ಕ್ಲೋಸ್" ಅಂತ, ಈಗ ಬೇರೆ ಗ್ರೂಪಿಗೆಲ್ಲಾ ಹೋಗ್ತಿದೆ. ಅದು ತಪ್ಪು, ಕ್ಷಮಿಸಿ. ಮಂಗಳವಾರ ರಜೆ ಇರೋದು ನಮ್ಮ ಮೈಸೂರು ಝೂಗೆ, ಅದೇ ತಲೇಲಿತ್ತು. ಪಿಲಿಕುಳದ ವಾರದ ರಜೆ ಸೋಮವಾರ, ಅಲ್ಲಿಗೇ ಫೋನ್ ಮಾಡಿ ಕೇಳ್ಕೊಂಡೆ. ಮಕ್ಕಳನ್ನ ಕರ್ಕೊಂಡು ಘಾಟಿ ಇಳಿದು ಅಷ್ಟು ದೂರ ಹೋಗಿ ಗೇಟಿಂದ ವಾಪಸ್ ಬರೋದು ಬೇಡ ಅಂತ ಇದನ್ನ ಬರೀತಿದ್ದೀನಿ.

ಇನ್ನೊಂದು, ಅದರ ಕೆಳಗೆ ಯಾರೋ "ಬರೀ ಝೂ, ಒಂದು ಗಂಟೆ ಸಾಕು" ಅಂತ ಸೇರಿಸಿದ್ದಾರೆ, ಅದೂ ಸರಿಯಲ್ಲ. ವಾಮಂಜೂರಿನ ಹತ್ರ ಸುಮಾರು 370 ಎಕರೆ ಜಾಗ ಅದು, ಪ್ರಾಣಿಗಳ ಜೊತೆಗೆ ದೊಡ್ಡ ಕೆರೆ, ಪಶ್ಚಿಮ ಘಟ್ಟದ ಮರಗಳ ಸಸ್ಯಕಾಶಿ, ತುಳುನಾಡಿನ ಗುತ್ತಿನ ಮನೆ (ಊರಿನ ಹಿರಿಯ ಮನೆತನದ ಹಳೇ ಕಾಲದ ದೊಡ್ಡ ಮನೆ), ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ ತಾರಾಲಯ ಎಲ್ಲಾ ಇದೆ, ಇಡೀ ದಿನ ಇಟ್ಕೊಳ್ಳಿ. ಹೆಸರೇ ನೋಡಿ, ತುಳುವಲ್ಲಿ ಪಿಲಿ ಅಂದ್ರೆ ಹುಲಿ, ಹುಲಿ ನೀರು ಕುಡಿಯೋಕೆ ಬರ್ತಿದ್ದ ಕೊಳ ಅಂತ.

ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಈಗಾಗ್ಲೇ ಕಳ್ಸಿದ್ರೆ ಅದೇ ಗ್ರೂಪಿಗೆ ಇದನ್ನ ಹಾಕ್ಬಿಡಿ.