ಶ್ಯೂರಿಟಿ ಹಾಕುವವರಿಗೂ ಒಬ್ಬ ವಕೀಲರು ಬೇಕು

ನಮ್ಮ ಶಿಡ್ಲಘಟ್ಟದ ಕಡೆ ಯಾರಾದರೂ ರೇಷ್ಮೆ ರೀಲಿಂಗ್‌ಗೆ ಸಾಲ ಎತ್ತಿದರೆ, ಶ್ಯೂರಿಟಿಗೆ ಬರುವುದು ಭಾವಮೈದನೋ, ಮೇಷ್ಟ್ರಾಗಿರುವ ಅಣ್ಣನೋ, ಇಲ್ಲಾ ಹೆಂಡತಿಯೋ. "ಸುಮ್ನೆ ಒಂದು ಸೈನ್ ಅಷ್ಟೇ" ಎಂದು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಾರೆ. ಮೇಜಿನ ಮೇಲೆ ಒಂದು ಕಟ್ಟು ಕಾಗದ. ಸಹಿ ಬೇಕಾದ ಕಡೆಯೆಲ್ಲ ಪೆನ್ಸಿಲ್ ಗುರುತು. ಗುಮಾಸ್ತರು ಹಾಳೆ ಮಗುಚುತ್ತಾರೆ, ಇವರು ಸಹಿ ಹಾಕುತ್ತಾರೆ. ಯಾರಾದರೂ ನಿಧಾನವಾಗಿ ಓದೋಕೆ ಶುರು ಮಾಡಿದರೆ ಪಕ್ಕದಲ್ಲಿರುವ ಸಾಲಗಾರನ ಮುಖ ಸಣ್ಣಗಾಗುತ್ತದೆ.

ಆ ಸಹಿ ಎಷ್ಟು ಭಾರದ್ದು ಗೊತ್ತಾ? 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. "ಮೊದಲು ಅವನ ಆಸ್ತಿ ಹರಾಜು ಹಾಕಿ, ಆಮೇಲೆ ನನ್ನ ಹತ್ರ ಬನ್ನಿ" ಎಂದು ಹಟ ಹಿಡಿಯುವ ಹಾಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಂದೋ ಹೇಳಿಬಿಟ್ಟಿದೆ. ಜಾಮೀನುದಾರನನ್ನು ಕೇಳದೆ ಸಾಲದ ಷರತ್ತು ಬದಲಾಯಿಸಿದರೆ, ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ ಎನ್ನುತ್ತದೆ 133ನೇ ಸೆಕ್ಷನ್. ಒಳ್ಳೇದೇ ಅಲ್ವಾ? ಆದರೆ ಅಚ್ಚಾದ ಫಾರಂಗಳಲ್ಲಿ ಆ ರಕ್ಷಣೆಯನ್ನೇ ಬಿಟ್ಟುಕೊಡುವ ಸಾಲೂ ಸಾಮಾನ್ಯವಾಗಿ ಇರುತ್ತದೆ. ಅದು ಕಣ್ಣಿಗೆ ಬೀಳುವುದು ನೋಟಿಸ್ ಬಂದ ಮೇಲೆ.

"ವಕೀಲರು ಎಲ್ಲಾ ನೋಡಿದ್ದಾರೆ ಬಿಡಿ" ಎನ್ನುವವರಿದ್ದಾರೆ. ನೋಡಿರುತ್ತಾರೆ, ಬ್ಯಾಂಕಿನ ಪರವಾಗಿ. ಅವರ ಕೆಲಸ ಬ್ಯಾಂಕಿನ ದುಡ್ಡು ಕಾಯುವುದು, ನಿಮ್ಮ ಜಮೀನನ್ನಲ್ಲ.

ಇಂಗ್ಲೆಂಡಿನಲ್ಲಿ 2001ರ ಎಟ್ರಿಜ್ ತೀರ್ಪು ಈ ವಿಷಯದಲ್ಲಿ ಗಟ್ಟಿಯಾಗಿದೆ. ಗಂಡನ ವ್ಯವಹಾರದ ಸಾಲಕ್ಕೆ ಹೆಂಡತಿ ಜಾಮೀನಾಗುವುದಾದರೆ, ಆಕೆಯ ಪರ ವಕೀಲರು ಆಕೆಯನ್ನು ಎದುರು ಕೂರಿಸಿಕೊಂಡು, ಗಂಡ ಇಲ್ಲದಾಗ, ಎಲ್ಲ ಬಿಡಿಸಿ ಹೇಳಬೇಕು. ಹೇಳಿದ್ದೇನೆ ಎಂದು ಬ್ಯಾಂಕಿಗೆ ಬರೆದೂ ಕೊಡಬೇಕು. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ. ಇರಬೇಕು, ಹೆಂಡತಿಗೆ ಮಾತ್ರವಲ್ಲ, ಜಾಮೀನು ನಿಲ್ಲುವ ಪ್ರತಿಯೊಬ್ಬರಿಗೂ.

ಜನಕ್ಕೆ ಬುದ್ಧಿ ಹೇಳಿದರೆ ಸಾಕು, ರೂಲ್ಸ್ ಯಾಕೆ ಅಂತೀರಾ? ಭಾವನ ಎದುರಿಗೆ "ವಕೀಲರನ್ನು ಕೇಳಿ ಬರ್ತೀನಿ" ಎಂದು ನೋಡಿ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂಬ ಒಂದೇ ಮಾತಿಗೆ ಬಾಯಿ ಕಟ್ಟಿಹೋಗುತ್ತದೆ. ಬ್ಯಾಂಕೇ ಕಡ್ಡಾಯ ಮಾಡಿದರೆ ಸಂಬಂಧಕ್ಕೂ ಏಟಿಲ್ಲ, "ಏನ್ಮಾಡೋದು ಭಾವ, ಅವರು ಕೇಳ್ತಾರೆ" ಎಂದು ಹೇಳಬಹುದು.

ಫೀಸಿನ ಚಿಂತೆ ಇದ್ದರೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಚಿಕ್ಕಬಳ್ಳಾಪುರದಲ್ಲೇ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ. ಫೋನ್ ಮಾಡುವುದಾದರೆ 15100. ಸಹಿಗೆ ಮುಂಚೆ ಮಾಡಿ.